ಲೇತ್ ಶಾಪಿಗೆ ಲಿಂಕ್ಡ್‌ಇನ್ ಯಾಕೆ ಬೇಕು?

ಲಿಂಕ್ಡ್‌ಇನ್‌ಗೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಅದರಲ್ಲಿ ಮೂರು ಹುಡುಕಾಟದ ಪೆಟ್ಟಿಗೆಗೆ, ಅರ್ಧ ಬ್ಲಾಕ್ ಬಟನ್ನಿಗೆ. ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ರಾಚುವ ಪೋಸ್ಟುಗಳಿಗೆ ಏನೂ ಇಲ್ಲ.

ಮೊದಲೇ ಹೇಳಿಬಿಡ್ತೀನಿ, ಇದು ಕೆಲಸ ಹುಡುಕುವವರ ರಿವ್ಯೂ ಅಲ್ಲ. ನಾನು ಸಾಫ್ಟ್‌ವೇರ್‌ನವಳೂ ಅಲ್ಲ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಕಂಪ್ಯೂಟರ್ ನಡೆಸುವ ಎರಡು ಸಿ.ಎನ್.ಸಿ. ಲೇತು, ಒಂದು ವಿ.ಎಂ.ಸಿ. (ಅದೇ ಥರದ ಮಿಲ್ಲಿಂಗ್ ಮಷಿನ್), ಮಾವನವರ ಕಾಲದ ಒಂದು ಸೆಂಟರ್ ಲೇತು. ಬುಷ್, ಪಿನ್, ಫ್ಲೇಂಜ್, ಸ್ಪೇಸರ್, ಏನಾದರೂ ಸರಿ, ಡ್ರಾಯಿಂಗ್ ಕೊಟ್ಟರೆ ಮಾಡಿಕೊಡ್ತೀವಿ. ಮಷಿನ್ ಕಡೆ ನಮ್ಮೆಜಮಾನರು. ಕೊಟೇಶನ್, ಬಿಲ್ಲು, ಜಿ.ಎಸ್.ಟಿ., ಪೇಮೆಂಟಿಗಾಗಿ ಫೋನ್ ಮೇಲೆ ಫೋನು, ಇದೆಲ್ಲ ನನ್ನ ಕಡೆ. ಹಂಗಾಗಿ ಹೊಸ ಪಾರ್ಟಿ, ಅಂದರೆ ಗಿರಾಕಿ, ಹುಡುಕುವ ಕೆಲಸವೂ ನನ್ನ ತಲೆಗೇ ಬಂತು.

ನಮ್ಮ ಧಂದೆಯಲ್ಲಿ ಆರ್ಡರ್ ಬರೋದು ಗುರುತು ಪರಿಚಯದ ಮೇಲೆ. ಮಾವನವರು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಲೇತ್ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಕೈ ಪಳಗಿದವರು ದಿಕ್ಕಿಗೊಬ್ಬರು ಆದರು. ಕೆಲವರು ಹರಿಹರದಲ್ಲೇ ಶೆಡ್ ಹಾಕಿಕೊಂಡರು, ಕೆಲವರು ಪೀಣ್ಯ, ಹುಬ್ಬಳ್ಳಿ, ಬೆಳಗಾವಿ, ಹೊಸೂರು, ಪುಣೆ ಸೇರಿದರು. ಮಾವನವರ ಹತ್ತಿರ ಒಂದು ಕೆಂಪು ರಟ್ಟಿನ ಡೈರಿ, ಅದರ ತುಂಬ ಅವರ ನಂಬರುಗಳು. ಶಾಪ್ ಎಷ್ಟೋ ವರ್ಷ ನಡೆದದ್ದು ಆ ಡೈರಿ ಮೇಲೇ. ಆಮೇಲೆ ಒಬ್ಬೊಬ್ಬರೇ ರಿಟೈರ್ ಆದರು. ಅವರ ಕುರ್ಚಿಯಲ್ಲಿ ಬಂದು ಕೂತ ಪರ್ಚೇಸ್ ಹುಡುಗರಿಗೆ ಮಾವನವರು ಯಾರೋ, ನಾವು ಯಾರೋ.

ಆಗ ನಾನು ಶುರುಮಾಡಿದ್ದು ಲಿಂಕ್ಡ್‌ಇನ್. 2003ರಿಂದ ಇರುವ ತಾಣ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ನಮ್ಮ ದೇಶದಲ್ಲೇ ಹತ್ತು ಕೋಟಿಗೂ ಹೆಚ್ಚು ಜನ ಖಾತೆ ತೆರೆದಿದ್ದಾರೆ. ಅಷ್ಟು ಜನ ಕಟ್ಟಿಕೊಂಡು ನಮಗೇನಾಗಬೇಕು? ನಮಗೆ ಬೇಕಾದವರು ಹೆಚ್ಚೆಂದರೆ ನೂರಿನ್ನೂರು ಮಂದಿ. ಅವರನ್ನು ಜರಡಿ ಹಿಡಿಯೋಕೆ ಇದರಲ್ಲಿ ಒಳ್ಳೆಯ ಸೌಕರ್ಯ ಇದೆ, ಅದನ್ನು ಬಹಳ ಜನ ಮುಟ್ಟಿಯೂ ನೋಡಿರೋದಿಲ್ಲ.

ಹುಡುಕುವಾಗ ಈಗ ಎಲ್ಲಿದ್ದಾರೆ ಅನ್ನೋದರ ಜೊತೆಗೆ ಹಿಂದೆ ಯಾವ ಕಂಪನಿಯಲ್ಲಿದ್ದರು ಅಂತಲೂ ಸೋಸಬಹುದು. ನಾನು ಮೊದಲು ಹಾಕಿದ್ದು ಹರಿಹರದ ಕಾರ್ಖಾನೆಯ ಹೆಸರು. ಪರದೆ ಮೇಲೆ ಒಬ್ಬೊಬ್ಬರೇ ಬರುತ್ತಿದ್ದಂತೆ ಮಾವನವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಕನ್ನಡಕ ಏರಿಸಿಕೊಂಡು, "ಇವ ಅಪ್ರೆಂಟಿಸ್ ಆಗಿದ್ದ ಕಣಮ್ಮ, ಮೀಸೆನೇ ಬಂದಿರ್ಲಿಲ್ಲ" ಅಂದರು. ಆ ಮೀಸೆ ಬಾರದ ಅಪ್ರೆಂಟಿಸ್ ಈಗ ಹೊಸೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಮಾವನವರ ಹೆಸರು, ಅವರಿದ್ದ ಶಿಫ್ಟು, ಸೆಕ್ಷನ್ನು ಬರೆದು ರಿಕ್ವೆಸ್ಟ್ ಕಳಿಸಿದೆ. ಸಂಜೆಯೊಳಗೆ ಫೋನ್ ಬಂತು, ನನಗಲ್ಲ, ಮಾವನವರಿಗೆ. ಮುಕ್ಕಾಲು ಗಂಟೆ ಮಾತು. ಆರ್ಡರ್ ವಿಷಯ ಒಂದಕ್ಷರ ಇಲ್ಲ. ಅದು ಬಂದದ್ದು ಎಷ್ಟೋ ತಿಂಗಳ ಮೇಲೆ, ಅದೂ ಅವರಾಗಿಯೇ ಒಂದು ಸ್ಪೇಸರಿನ ಡ್ರಾಯಿಂಗ್ ಕಳಿಸಿ "ರೇಟ್ ಹಾಕಿ ನೋಡಿ" ಅಂದಾಗ.

ಗುರುತಿನವರಾದರೆ ಇಷ್ಟು ಸಲೀಸು. ಪೂರಾ ಅಪರಿಚಿತರಾದರೆ? ಅದಕ್ಕೆ ಬೆಳಗಾವಿಯವರ ಕಥೆ ಹೇಳಲೇಬೇಕು. ಈ ತಾಣಕ್ಕೆ ನಾನು ಕೊಟ್ಟ ಅಂಕದಲ್ಲಿ ಅರ್ಧಕ್ಕರ್ಧ ಅವರದ್ದೇ.

ಒಂದು ಪಾರ್ಟಿಗೆ ಗನ್‌ಮೆಟಲ್ ಬುಷ್ ಮಾಡಿಕೊಡ್ತಿದ್ವಿ, ಶಾಫ್ಟ್ ಒಳಗೆ ಕೂರುವ ಬಳೆಯಂಥ ಭಾಗ ಅದು, ಗೋಡೆ ಬಹಳ ತೆಳು. ನಮ್ಮಲ್ಲಿ ಬೋರ್ ಗೇಜ್ (ಒಳತೂತು ಅಳೆಯುವ ಸಾಧನ) ಹಾಕಿ ನೋಡಿದರೆ ಯಾವ ಕಡೆಯಿಂದ ಅಳೆದರೂ ಸೈಜ್ ಸರಿ. ಅಲ್ಲಿ ಅಸೆಂಬ್ಲಿಯಲ್ಲಿ ಶಾಫ್ಟ್ ಒಳಗೆ ಹೋಗೋದಿಲ್ಲ. ಮಾಲು ವಾಪಸ್, ಮತ್ತೆ ಅಳತೆ, ಮತ್ತೆ ಸರಿ. ಅವರು ನಮ್ಮ ಗೇಜ್ ಮೇಲೆ ಅನುಮಾನ ಪಟ್ಟರು, ನಾವು ಅವರ ಶಾಫ್ಟ್ ಮೇಲೆ. ಆ ಜಗಳದ ನಡುವೆ ಬೆಳಗಾವಿಯ ಉದ್ಯಮಬಾಗ್ ಕಡೆ ಕ್ವಾಲಿಟಿಯಲ್ಲಿದ್ದು ರಿಟೈರ್ ಆದ ಒಬ್ಬರ ಪ್ರೊಫೈಲ್ ಸಿಕ್ಕಿತು. ನನಗೂ ಅವರಿಗೂ ನಡುವೆ ಒಬ್ಬರೇ ಕೊಂಡಿ, ಹುಬ್ಬಳ್ಳಿಯ ಒಬ್ಬ ಟೂಲ್ ಡೀಲರು. ಕಳಿಸಿದ ಟಿಪ್ಪಣಿ ಇಷ್ಟೇ: "ನಮಸ್ಕಾರ ಸರ್, ದಾವಣಗೆರೆಯಿಂದ. ತೆಳು ಗೋಡೆಯ ಗನ್‌ಮೆಟಲ್ ಬುಷ್, ಎರಡು ಪಾಯಿಂಟ್ ಗೇಜ್‌ನಲ್ಲಿ ಬೋರ್ ಸರಿ ಇದೆ, ಶಾಫ್ಟ್ ಹೋಗುತ್ತಿಲ್ಲ. ಎಲ್ಲಿ ನೋಡಬೇಕು?" ನಮ್ಮ ಕಂಪನಿ ಅಂಥದ್ದು ಇಂಥದ್ದು ಅಂತ ಪರಾಕು ಇಲ್ಲ, ತಮ್ಮ ಅಮೂಲ್ಯ ಸಮಯ ಅಂತ ಪೀಠಿಕೆ ಇಲ್ಲ. ಟಿಪ್ಪಣಿಗೆ ಕೊಡುವ ಜಾಗವೂ ಅಷ್ಟೇ, ಒಳ್ಳೇದೇ ಆಯ್ತು.

ಮರುದಿನ ಬೆಳಗ್ಗೆ ಉತ್ತರ, ಅಪ್ಪಟ ಬೆಳಗಾವಿ ಮಾತಿನಲ್ಲಿ: "ಮೂರು ಜಾ ಚಕ್‌ನ್ಯಾಗ ಹಿಡದೀರೇನ್ರಿ? ಚಕ್‌ನ್ಯಾಗ ಇದ್ದಾಗ ಬೋರ್ ಗುಂಡಗ ಇರ್ತದ. ಬಿಚ್ಚಿದ ಮ್ಯಾಲ ಮೂರು ಕಾಲಿನ ಬೋರ್ ಮೈಕ್ರೋಮೀಟರ್‌ಲೆ ತಿರುವಿ ತಿರುವಿ ನೋಡ್ರಿ."

ನೋಡಿದೆವು. ಚಕ್ ಅಂದರೆ ಲೇತಿನಲ್ಲಿ ಪಾರ್ಟನ್ನು ಕಚ್ಚಿ ಹಿಡಿಯುವ ಹಿಡಿ, ಜಾ ಅದರ ದವಡೆ. ಮೂರು ಜಾ ಬಿಗಿಯಾಗಿ ಒತ್ತಿದಾಗ ತೆಳು ಗೋಡೆ ಆ ಮೂರು ಕಡೆ ಒಳಕ್ಕೆ ಬಾಗಿರುತ್ತದೆ. ಹಂಗೇ ಬೋರ್ ಮಾಡಿದರೆ ಆ ಕ್ಷಣಕ್ಕೆ ದುಂಡಗೆ. ಚಕ್ ಸಡಿಲಿಸಿದ ಕೂಡಲೇ ಗೋಡೆ ತನ್ನ ಜಾಗಕ್ಕೆ ಮರಳುತ್ತದೆ, ಬೋರ್ ಮೂರು ಉಬ್ಬಿನ ಆಕಾರಕ್ಕೆ ತಿರುಗುತ್ತದೆ. ಒಂದು ಕಡೆ ಉಬ್ಬು ಇದ್ದರೆ ಅದರ ಎದುರಿಗೆ ತಗ್ಗು, ಹಂಗಾಗಿ ಎರಡು ಪಾಯಿಂಟಿನ ಗೇಜ್ ಎಲ್ಲಿ ಇಟ್ಟರೂ ಹೆಚ್ಚು ಕಡಿಮೆ ಒಂದೇ ಅಳತೆ ತೋರಿಸುತ್ತದೆ. ಮೂರು ಕಾಲಿನದು ತಿರುಗಿಸಿದ ಹಾಗೆ ಬೇರೆ ಬೇರೆ ಅಳತೆ ತೋರಿಸಿತು. ನಮ್ಮ ಗೇಜೂ ಸರಿ, ಅವರ ಶಾಫ್ಟೂ ಸರಿ. ಬುಷ್ಷಿನ ಹೊರ ಅಳತೆಗೇ ಕೊರೆದ ಸಾಫ್ಟ್ ಜಾ (ಮೆದು ಲೋಹದ ದವಡೆ) ಹಾಕಿ, ಸುತ್ತಲೂ ತಬ್ಬಿ ಹಿಡಿಯುವಂತೆ ಮಾಡಿ, ಫಿನಿಶ್ ಕಟ್‌ಗೆ ಚಕ್ ಪ್ರೆಷರ್ ಇಳಿಸಿದ ಮೇಲೆ ಶಾಫ್ಟ್ ಬೆರಳಲ್ಲೇ ಒಳಗೆ ಜಾರಿತು.

ಇದರ ಮುಂದಿನ ಭಾಗವೇ ಮುಖ್ಯ. ಸೆಟಪ್ಪಿನ ಫೋಟೋ, ಮೊದಲಿನ ಮತ್ತು ಆಮೇಲಿನ ಅಳತೆ, ಎರಡನ್ನೂ ಅವರಿಗೆ ಕಳಿಸಿದೆ. ಒಂದು ಥ್ಯಾಂಕ್ಸ್ ಹಾಕಿ ಸುಮ್ಮನಾಗಿದ್ದರೆ ಅವರಿಗೆ ನಾನು ಇನ್ನೊಬ್ಬ ಕೇಳುವವಳು, ಅಷ್ಟೇ. ಏನಾಯ್ತು ಅಂತ ವಾಪಸ್ ತಿಳಿಸುವವರು ಎಷ್ಟು ಕಡಿಮೆ ಅಂತ ಆಮೇಲೆ ಅವರೇ ಹೇಳಿದರು: "ಔಷಧ ಕೇಳಾಕ ಎಲ್ಲಾರೂ ಬರ್ತಾರ, ಜ್ವರ ಬಿಟ್ಟದ್ದು ಯಾರೂ ಹೇಳೂದಿಲ್ಲ." ಅಲ್ಲಿಂದ ಮಾತು ವಾಟ್ಸ್ಆ್ಯಪ್‌ಗೆ ಬಂತು, ಆಮೇಲೆ ಫೋನಿಗೆ. ಬೆಂಗಳೂರಿನ ತುಮಕೂರು ರಸ್ತೆಯ ಬಿ.ಐ.ಇ.ಸಿ.ಯಲ್ಲಿ ಇಮ್‌ಟೆಕ್ಸ್ ಮಷಿನ್ ಮೇಳ ನಡೆದಾಗ ಮುಖತಃ ಭೇಟಿಯಾದೆವು. ಅವರ ಜೊತೆ ಒಂದು ಸುತ್ತು ಹಾಕಿದರೆ ಸಾಕು, ಪ್ರತಿ ಸ್ಟಾಲಿನಲ್ಲೂ ಒಬ್ಬರಾದರೂ "ನಮಸ್ಕಾರ ಸರ್" ಅನ್ನೋರೇ. ಆ ಒಂದು ದಿನದಲ್ಲಿ ನನಗಾದ ಪರಿಚಯ ಆ್ಯಪ್‌ನಲ್ಲಿ ಕೂತಲ್ಲೇ ಕೂತು ಬಟನ್ ಒತ್ತಿದರೆ ಆಗುವಂಥದ್ದಲ್ಲ. ಆದರೆ ಆ್ಯಪ್ ಇಲ್ಲದಿದ್ದರೆ ನಾನು ಅವರ ಜೊತೆ ನಡೆಯುತ್ತಲೂ ಇರಲಿಲ್ಲ.

ಹಾಗಾಗಿ ನನ್ನ ಲೆಕ್ಕ ಇದು: ಲಿಂಕ್ಡ್‌ಇನ್ ಬಾಗಿಲ ತನಕ ಬಿಟ್ಟು ಬರುತ್ತದೆ. ಬಾಗಿಲು ತಟ್ಟೋಕೆ ಎದುರಿನವರು ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆ ಇರಬೇಕು. "ನಿಮ್ಮ ಜೊತೆ ಸಂಪರ್ಕದಲ್ಲಿರಲು ಇಷ್ಟ" ಅಂತ ಬಂದರೆ ನಾನಂತೂ ತೆರೆಯೋದಿಲ್ಲ. ಏನು ಬೇಕಪ್ಪ ನಿನಗೆ, ಹೇಳು!

ಇದರ ಬಗ್ಗೆ ದೊಡ್ಡ ಅಧ್ಯಯನವೇ ಆಗಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಹೇಳಿದ್ದರು: ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯದವರಿಂದ ಬರುತ್ತದೆ, ಯಾಕಂದರೆ ಆಪ್ತರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತದೆ. ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಸದಸ್ಯರಿಗೆ ತೋರಿಸುವ "ನಿಮಗೆ ಗೊತ್ತಿರಬಹುದಾದವರು" ಪಟ್ಟಿಯನ್ನು ಬೇರೆ ಬೇರೆ ಥರ ಬದಲಿಸಿ ಐದು ವರ್ಷ ಪರೀಕ್ಷಿಸಿದ ಸಂಶೋಧನೆ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಫಲ ಹೆಚ್ಚು ಕೊಟ್ಟದ್ದು ತೀರಾ ಗಟ್ಟಿ ನಂಟೂ ಅಲ್ಲ, ತೀರಾ ತೆಳು ನಂಟೂ ಅಲ್ಲ, ನಡುವಿನದು. ನನಗೆ ಹಿಡಿಸಿದ್ದು ಅದರ ಇನ್ನೊಂದು ಮಾತು: ಡಿಜಿಟಲ್ ಕೆಲಸ ಹೆಚ್ಚಿರುವ ಉದ್ಯಮಗಳಲ್ಲಿ ತೆಳು ಪರಿಚಯ ಉಪಯೋಗಕ್ಕೆ ಬಂತು, ಅದು ಕಡಿಮೆ ಇರುವ ಕಡೆ ಗಟ್ಟಿ ನಂಟೇ ಕೈ ಹಿಡಿಯಿತು. ಅದು ನೌಕರಿ ಬದಲಾವಣೆಯ ಲೆಕ್ಕ, ನಮ್ಮಂತೆ ಡ್ರಾಯಿಂಗ್ ನೋಡಿ ಪಾರ್ಟ್ ಮಾಡಿಕೊಡುವ ಜಾಬ್ ವರ್ಕಿನದಲ್ಲ. ಆದರೂ ನಮ್ಮಂಥ ಎಣ್ಣೆ ಕೈ ಧಂದೆಯವರು ಸಾವಿರಗಟ್ಟಲೆ ಕನೆಕ್ಷನ್ ಗುಡ್ಡೆ ಹಾಕಿಕೊಂಡು ಏನೂ ಮಾಡೋಕಾಗಲ್ಲ ಅನ್ನೋದು ನನ್ನ ಅನುಭವಕ್ಕೂ ತಾಳೆಯಾಗುತ್ತದೆ. ಈ ತಾಣದಲ್ಲಿ ಒಬ್ಬರಿಗೆ 30,000 ಕನೆಕ್ಷನ್ ತನಕ ಬಿಡ್ತಾರಂತೆ. ನನ್ನ ಫೋನಿನಲ್ಲಿ ಸೇವ್ ಆಗಿರುವ ನಂಬರುಗಳಿಗೇ ಹಬ್ಬಕ್ಕೊಮ್ಮೆ ಮಾತಾಡಿಸೋಕೆ ಪುರಸೊತ್ತಿಲ್ಲ.

ಈಗ ಪೋಸ್ಟುಗಳ ಕಥೆ. ನಮ್ಮೂರ ಜಯದೇವ ಸರ್ಕಲ್ಲಿನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ನೋಡಿದ್ದೀರಲ್ಲ, ನಡುವೆ ಒಬ್ಬರ ದೊಡ್ಡ ಮುಖ, ಸುತ್ತ ಶುಭ ಕೋರುವವರ ಸಣ್ಣ ಸಣ್ಣ ಮುಖ, ಲಿಂಕ್ಡ್‌ಇನ್ ಮುಖಪುಟ ಥೇಟ್ ಹಂಗೇ. ಒಬ್ಬರು ಬಡ್ತಿ ಸಿಕ್ಕಿದ್ದಕ್ಕೆ ವಿನಮ್ರರಾಗಿರ್ತಾರೆ, ಇನ್ನೊಬ್ಬರು ಕೆಲಸ ಹೋದದ್ದಕ್ಕೂ ವಿನಮ್ರರಾಗಿರ್ತಾರೆ. ಆಟೋ ಡ್ರೈವರ್ ಹೇಳಿದ ಜೀವನಪಾಠ, ಸಾಲಿಗೊಂದು ಪ್ಯಾರಾ. ಈಚೆಗೆ ಕಾಮೆಂಟುಗಳನ್ನೂ ಎ.ಐ. ಬರೆದುಕೊಡುತ್ತಿದೆಯೋ ಏನೋ, ಹತ್ತು ಜನರದ್ದು ಒಂದೇ ದನಿ. ನಾನು ಪೋಸ್ಟ್ ಹಾಕೋದು ಅಪರೂಪ, ಹಾಕಿದರೂ ಕೆಲಸದ್ದೇ. ಸಾಫ್ಟ್ ಜಾ ಕೊರೆಯೋದು ಹೇಗೆ ಅಂತ ಒಮ್ಮೆ ಕನ್ನಡದಲ್ಲಿ ಬರೆದೆ. ಲೈಕು ಬೆರಳೆಣಿಕೆ. ಆದರೆ ಅದನ್ನು ಓದಿ ಶಿವಮೊಗ್ಗದ ಒಂದು ಫೌಂಡ್ರಿಯವರು, ಚಿತ್ರದುರ್ಗದ ಒಬ್ಬ ಐ.ಟಿ.ಐ. ಮೇಷ್ಟ್ರು ಮೆಸೇಜ್ ಮಾಡಿದರು, ಇಬ್ಬರ ಜೊತೆಗೂ ಇವತ್ತಿಗೂ ಮಾತುಕತೆ ಇದೆ. ಸಣ್ಣ ಶಾಪಿನವರಿಗೆ ಒಂದು ಎಚ್ಚರಿಕೆ: ಗಿರಾಕಿಯ ಪಾರ್ಟ್ ಚಂದ ಬಂದಿದೆ ಅಂತ ಫೋಟೋ ಹಾಕಬೇಡಿ. ಡ್ರಾಯಿಂಗ್ ಅವರದ್ದು. ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿರ್ತೀರಿ, ಮರೆತಿರ್ತೀರಿ.

ದುಡ್ಡಿನ ಪ್ಲಾನ್ ಬಗ್ಗೆ ಬಹಳ ಜನ ಕೇಳ್ತಾರೆ. ಉಚಿತ ಖಾತೆಯಲ್ಲಿ ಟಿಪ್ಪಣಿ ಸೇರಿಸಿ ಕಳಿಸುವ ರಿಕ್ವೆಸ್ಟು ತಿಂಗಳಿಗೆ ಕೆಲವೇ. ಹುಡುಕಾಟ ಜಾಸ್ತಿಯಾದರೆ ಅದಕ್ಕೂ ಕಡಿವಾಣ, ಒಂದನೇ ತಾರೀಖಿಗೆ ಮತ್ತೆ ಬಿಚ್ಚುತ್ತದೆ. ಪ್ರೀಮಿಯಮ್ಮಿಗೆ ದುಡ್ಡು ಕಟ್ಟಿದರೆ ಕನೆಕ್ಷನ್ ಇಲ್ಲದವರಿಗೂ ಇನ್‌ಮೇಲ್ ಅಂತ ಮೆಸೇಜ್ ಕಳಿಸಬಹುದು, 90 ದಿನದೊಳಗೆ ಅವರು ಉತ್ತರಿಸಿದರೆ ಆ ಕ್ರೆಡಿಟ್ ವಾಪಸ್. ಉಚಿತ ಪ್ರಯೋಗದ ತಿಂಗಳು ಬಳಸಿ ನೋಡಿ ಬಿಟ್ಟೆ. ತಿಂಗಳಿಗೆ ಕೆಲವೇ ಟಿಪ್ಪಣಿ ಅನ್ನೋ ಮಿತಿ ನನಗೆ ಲಾಭವೇ ಆಗಿದೆ. ಯಾರಿಗೆ, ಯಾಕೆ ಅಂತ ಯೋಚಿಸಿ ಕಳಿಸ್ತೀನಿ. ಮಾರ್ಕೆಟಿಂಗ್ ಹುಡುಗರನ್ನಿಟ್ಟುಕೊಂಡ ದೊಡ್ಡ ಶಾಪಿಗೆ ಬೇಕಾಗಬಹುದು, ನಮ್ಮ ಸೈಜಿಗೆ ಆ ದುಡ್ಡಲ್ಲಿ ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ತಗೊಳ್ಳೋದು ಮೇಲು.

ಹೆಂಗಸರ ಹೆಸರು, ಫೋಟೋ ಇದ್ದರೆ ಬರುವ ಮೆಸೇಜುಗಳ ವಿಷಯಕ್ಕೆ ಜಾಸ್ತಿ ಜಾಗ ಕೊಡೋದಿಲ್ಲ. "ನೈಸ್ ಡಿ.ಪಿ." ಅಂದವರು ಆ ಕ್ಷಣ ಬ್ಲಾಕ್. ಬ್ಲಾಕ್ ಮಾಡಿದ್ದು ಅವರಿಗೆ ತಿಳಿಯೋದಿಲ್ಲ, ಅರ್ಧ ಅಂಕ ಕೊಟ್ಟದ್ದು ಅದಕ್ಕೇ. ನಗು ಬರಿಸೋದು ಇನ್ನೊಂದು ಜಾತಿ: ಮೂರು ಮೆಸೇಜ್ ತನಕ ನನ್ನನ್ನು "ಡಿಯರ್ ಸರ್" ಅಂತಲೇ ಕರೆದು, ನಾಲ್ಕನೆಯದರಲ್ಲಿ "ಟೆಕ್ನಿಕಲ್ ಆಗಿ ಮಾತಾಡೋಕೆ ನಿಮ್ಮ ಹಸ್ಬೆಂಡ್ ನಂಬರ್ ಕೊಡಿ ಮೇಡಂ" ಅನ್ನೋರು. ಟಾಲರೆನ್ಸ್ ಎಷ್ಟು, ರೇಟ್ ಎಷ್ಟು ಅನ್ನೋದು ನನಗೇ ಗೊತ್ತಿರೋದು, ನಮ್ಮೆಜಮಾನರಿಗೆ ಫೋನ್ ಮಾಡಿದರೂ ನನ್ನ ಕೈಗೇ ಕೊಡ್ತಾರೆ.

ಮೋಸದ್ದು ಬೇರೆ. ಒಬ್ಬ ವಿದೇಶಿ ಖರೀದಿದಾರ, ದೊಡ್ಡ ಆರ್ಡರ್, ಡ್ರಾಯಿಂಗ್ ಕೂಡ ಕಳಿಸಿದ. ಆಮೇಲೆ "ವೆಂಡರ್ ರಿಜಿಸ್ಟ್ರೇಷನ್" ಅಂತ ಶುಲ್ಕ ಕೇಳಿದ. ಅಲ್ಲಿಗೆ ಮುಗೀತು. ಸಪ್ಲೈ ಮಾಡುವವರಿಂದಲೇ ದುಡ್ಡು ಕೇಳುವ ಪರ್ಚೇಸ್ ಆಫೀಸನ್ನು ನಮ್ಮ ಮಾವನವರೂ ಕಂಡಿಲ್ಲ. ಇಂಥವರ ಪ್ರೊಫೈಲಿನಲ್ಲಿ "ಈ ಪ್ರೊಫೈಲ್ ಬಗ್ಗೆ" ಅನ್ನೋ ಕಡೆ ಒತ್ತಿದರೆ ಖಾತೆ ತೆರೆದ ತಿಂಗಳು, ವರ್ಷ ಕಾಣುತ್ತದೆ. ಇಪ್ಪತ್ತು ವರ್ಷದ ಅನುಭವಿಯ ಖಾತೆ ಕಳೆದ ತಿಂಗಳು ಹುಟ್ಟಿದ್ದರೆ ಮುಂದೆ ಓದಬೇಕಾಗಿಲ್ಲ. ದುಡ್ಡು ಕೊಟ್ಟೇಬಿಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು.

ನನಗೆ ಈ ತಾಣ ನಿಜಕ್ಕೂ ದುಡ್ಡು ಉಳಿಸಿಕೊಟ್ಟದ್ದು ಪೇಮೆಂಟ್ ವಿಷಯದಲ್ಲಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುತ್ತದೆ ಸರಿ, ಅಕೌಂಟ್ಸ್‌ನವರು "ಮುಂದಿನ ವಾರ ಮೇಡಂ" ಅಂತಾರೆ. ಹೊಸ ಪಾರ್ಟಿ ಬಂದರೆ ಈಗ ನಾನು ಮೊದಲು ಮಾಡೋದು ಅವರಿಗೆ ಮಾಲು ಕೊಡುವ ಇನ್ನೊಂದು ಶಾಪಿನವರನ್ನು ಹುಡುಕೋದು. ನನಗೂ ಅವರಿಗೂ ನಡುವಿನ ಕೊಂಡಿ ಯಾರು ಅಂತ ಲಿಂಕ್ಡ್‌ಇನ್ ತೋರಿಸುತ್ತದೆ. ಆ ಕೊಂಡಿಗೆ ಫೋನ್ ಮಾಡಿ ನಂಬರ್ ತಗೋತೀನಿ. ಮುಂದಿನದು ಬಾಯಿಮಾತಲ್ಲೇ ಆಗಬೇಕು, ಇಂಥದ್ದನ್ನು ಯಾರೂ ಬರೆದು ಕೊಡೋದಿಲ್ಲ. ಒಮ್ಮೆ ಹೀಗೇ ಕೊಯಮತ್ತೂರಿನ ಒಬ್ಬರಿಗೆ ಫೋನ್ ಮಾಡಿ ಪೇಮೆಂಟ್ ಹೇಗೆ ಸರ್ ಅಂತ ಕೇಳಿದೆ. ಆ ಕಡೆಯಿಂದ ಬಂದದ್ದು ಒಂದು ಉದ್ದನೆಯ ನಗು. ಆ ಕೊಟೇಶನ್ ನಾನು ಕಳಿಸಲೇ ಇಲ್ಲ. ಆರು ತಿಂಗಳ ನಂತರ ಅವರೇ ನನಗೆ ಫೋನ್ ಮಾಡಿ, ಇನ್ನೊಂದು ಪಾರ್ಟಿ ಬಗ್ಗೆ ಅದೇ ಪ್ರಶ್ನೆ ಕೇಳಿದರು. ಅವರದ್ದು ತಮಿಳು, ನನ್ನದು ಕನ್ನಡ, ನಡುವೆ ಮುರುಕು ಇಂಗ್ಲಿಷು, ಪೇಮೆಂಟ್ ವಿಷಯ ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ. ಈಗ ನಮ್ಮಿಬ್ಬರ ನಡುವೆ ಕೆಲಸವೂ ಓಡಾಡುತ್ತದೆ, ಅವರ ಮಷಿನ್ನುಗಳಿಗೆ ಹೆಚ್ಚಾದ ಟರ್ನಿಂಗ್ ನಮ್ಮಲ್ಲಿಗೆ ಬರುತ್ತದೆ.

ಮನಸ್ಸಿಗೆ ಬೇಜಾರಾಗೋದು ಭಾಷೆಯದ್ದು. ಹಿಂದಿ 2021ರ ಕೊನೆಯಲ್ಲೇ ಬಂತು, ಕನ್ನಡದ ಮೆನು ಇನ್ನೂ ನನ್ನ ಆ್ಯಪ್‌ನಲ್ಲಿಲ್ಲ. ಕನ್ನಡದಲ್ಲಿ ಬರೆಯೋಕೇನೂ ಅಡ್ಡಿಯಿಲ್ಲ, ಆದರೆ ನಮ್ಮ ಆಪರೇಟರ್ ಹುಡುಗರು ಮೆನು ನೋಡಿಯೇ ಹಿಂದೆ ಸರೀತಾರೆ. ಪ್ರೋಗ್ರಾಮಿಂಗ್ ಬರುವ, ಸೆಟಿಂಗ್ ಬರುವ ಒಳ್ಳೆ ಕೆಲಸಗಾರರು ಹರಿಹರ, ರಾಣೆಬೆನ್ನೂರು ಕಡೆ ಎಷ್ಟೋ ಜನ ಇದ್ದಾರೆ, ಅವರು ಯಾರೂ ಇದರಲ್ಲಿ ಸಿಗೋದಿಲ್ಲ. ಅವರನ್ನು ಹುಡುಕೋಕೆ ಈಗಲೂ ಟೀ ಅಂಗಡಿಯೇ ಗತಿ. ಇಂಜಿನಿಯರಿಂಗ್ ಮಕ್ಕಳಿಗೆ ಮಾತ್ರ ಒಂದು ದಾರಿ ಇದೆ: ನಮ್ಮೂರ ಬಿ.ಐ.ಇ.ಟಿ.ಯೋ ಯು.ಬಿ.ಡಿ.ಟಿ.ಯೋ, ಕಾಲೇಜಿನ ಪುಟಕ್ಕೆ ಹೋಗಿ ಹಳೇ ವಿದ್ಯಾರ್ಥಿಗಳ ಪಟ್ಟಿ ತೆರೆದರೆ ಯಾರು ಯಾವ ಊರಲ್ಲಿ, ಯಾವ ಕಂಪನಿಯಲ್ಲಿದ್ದಾರೆ ಅಂತ ಸೋಸಿ ನೋಡಬಹುದು. ನಮ್ಮಣ್ಣನ ಮಗಳಿಗೆ ಅದನ್ನೇ ತೋರಿಸಿದೆ. ರೆಸ್ಯೂಮ್ ಕಳಿಸಬೇಡ, ನಿಮ್ಮ ಪ್ಲಾಂಟಿನಲ್ಲಿ ಮೊದಲ ವರ್ಷ ಏನು ಕೆಲಸ ಕೊಡ್ತಾರೆ ಅಂತ ಕೇಳು ಅಂದೆ. ಒಬ್ಬ ಅಕ್ಕ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದಳಂತೆ.

ಸಣ್ಣ ಶಾಪಿನವರು ವಾರಕ್ಕೆ ಒಂದು ಗಂಟೆ ಇದಕ್ಕೆ ಇಟ್ಟರೆ ಸಾಕು. ನಾನು ಕೂರೋದು ಭಾನುವಾರ ಬೆಳಗ್ಗೆ, ಶಾಪ್ ರಜೆ, ಫೋನ್ ಶಾಂತ. ನೋಟಿಫಿಕೇಶನ್ ಪೂರ್ತಿ ಬಂದ್, ಮೆಸೇಜ್ ಒಂದು ಬಿಟ್ಟು.

ಅಂದ ಹಾಗೆ, ದಾವಣಗೆರೆ, ಹರಿಹರ ಸುತ್ತಮುತ್ತ ಸೆಂಟರ್‌ಲೆಸ್ ಗ್ರೈಂಡಿಂಗ್ ಮಾಡಿಕೊಡೋರು ಯಾರಾದರೂ ಓದ್ತಾ ಇದ್ದರೆ, ಪಿನ್ನುಗಳ ಕೆಲಸ ಇದೆ, ಈಗ ಪೀಣ್ಯಕ್ಕೆ ಕಳಿಸ್ತಿದ್ದೀವಿ, ಸಾಗಾಟಕ್ಕೇ ಅರ್ಧ ಲಾಭ ಹೋಗ್ತಿದೆ. ರಿಕ್ವೆಸ್ಟ್ ಕಳಿಸಿ, ಜೊತೆಗೆ ಎಷ್ಟು ಡಯಾ ತನಕ ಹಿಡೀತೀರಿ, ಎಷ್ಟು ಮೈಕ್ರಾನ್ ಕೊಡ್ತೀರಿ ಅಂತ ಒಂದು ಸಾಲು ಬರೀರಿ. ಖಾಲಿ ರಿಕ್ವೆಸ್ಟಿಗೆ ಉತ್ತರ ಬರೋದಿಲ್ಲ.